ಮನೆಯಲ್ಲಿ ಯಾರೂ ಇಲ್ಲ

ಕಳ್ಳರು ನುಗ್ಗಿದ್ದು ಪಕ್ಕದ ಮನೆಗೆ. ಅಲಾರಂ ಬಂದದ್ದು ಈ ಮನೆಗೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎನ್ನುತ್ತಾರೆ. ಇಲ್ಲಿ ಕೊಳ್ಳೆ ಹೋದದ್ದು ಒಬ್ಬರದು, ಬಾಗಿಲು ಹಾಕಿಕೊಂಡವರು ಇನ್ನೊಬ್ಬರು. ಇರಲಿ ಬಿಡಿ, ಉಳ್ಳವರ ಭಯವೂ ದೊಡ್ಡದೇ. ಆ ಭಯ ಹೋಗಿ ಯಾರ ಮೈಮೇಲೆ ಕೂತಿತು ಅನ್ನುವುದನ್ನು ಹೇಳಬೇಕಾಗಿದೆ.

ಕೂತದ್ದು ಆಯಾಳ ಮೈಮೇಲೆ. ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಆ ಮನೆಯಲ್ಲಿ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಎಳೆಮಗುವನ್ನು ನೋಡಿಕೊಳ್ಳಲು ಬಂದಳು, ಆಯಾ ಆದಳು. ಎಲ್ಲರೂ ಪಾಪು ಎನ್ನುತ್ತಿದ್ದ ಆ ಮಗು ಅವಳ ಹೊಟ್ಟೆಯ ಮೇಲೆ ಕಾಲು ಹಾಕಿ ಮಲಗಿ ದೊಡ್ಡದಾಯಿತು. ದೊಡ್ಡದಾಗಿ ದೂರದ ಹಾಸ್ಟೆಲಿಗೆ ಹೋಯಿತು. ಆಯಾ ಉಳಿದಳು. ನೋಡಿಕೊಳ್ಳಲು ಈಗ ಮಗುವಿರಲಿಲ್ಲ, ನೆಲವಿತ್ತು, ಪಾತ್ರೆಯಿತ್ತು, ಒಂದು ನಾಯಿಯಿತ್ತು. ದಿನವಿಡೀ ಅವಳು ಆಡುವ ಮಾತು ಎರಡೇ: "ಹೂಂ ಅಮ್ಮ", "ಆಯ್ತು ಸಾರ್". ಮೂರನೆಯ ಮಾತೇನಾದರೂ ಬಾಯಿಗೆ ಬಂದರೆ ನಾಯಿಯ ಹತ್ತಿರ ಆಡುತ್ತಿದ್ದಳು.

ಅಲಾರಮಿನವನು ಬಂದು ಏಣಿ ಹಾಕಿ ಗೋಡೆ ಕೊರೆದ. ಉದುರಿದ ಪುಡಿಯನ್ನು ಆಯಾ ಅವನ ಹಿಂದೆ ಹಿಂದೆಯೇ ಒರೆಸಿದಳು. ಅವಳ ಸೊಂಟದಲ್ಲಿ ಒಂದು ಒರೆಸುವ ಬಟ್ಟೆ ಸದಾ ಸಿಕ್ಕಿಸಿಕೊಂಡೇ ಇರುತ್ತಿತ್ತು. ಮುಂಬಾಗಿಲ ಪಕ್ಕದಲ್ಲಿ ಅಂಕಿಗಳ ಪೆಟ್ಟಿಗೆ ಕೂತಿತು. ಅದಕ್ಕೆ ಕೀಪ್ಯಾಡ್ ಎಂದರು. ಮುಂಬಾಗಿಲು, ಹಿಂಬಾಗಿಲು, ಕಿಟಕಿಗಳಿಗೆಲ್ಲ ಬೆರಳುದ್ದದ ಬಿಳಿ ತುಂಡುಗಳನ್ನು ಅಂಟಿಸಿದ. ತೆರೆದರೆ ಕೂಗುತ್ತವೆ. ನಡುಮನೆಯ ಮೂಲೆಯಲ್ಲಿ, ಎತ್ತರದಲ್ಲಿ, ಒಂದು ಬಿಳಿ ಡಬ್ಬಿ. ಅದು ಕಣ್ಣು. ಒಳಗೆ ಯಾರು ಅಲ್ಲಾಡಿದರೂ ಅದಕ್ಕೆ ತಿಳಿಯುತ್ತದೆ. ಗೋಡೆಗೆ ಕಿವಿ ಇರುತ್ತದೆ ಎಂದು ಆಯಾ ಕೇಳಿದ್ದಳು, ಈ ಗೋಡೆಗೆ ಕಣ್ಣೂ ಬಂತು.

"ಅಡಿಗೆಮನೆಗೆ ಕಣ್ಣು ಬೇಡ, ಒಲೆ ಬಿಸಿಗೆ ಸುಮ್ಸುಮ್ನೆ ಕೂಗುತ್ತೆ," ಎಂದ ಅಲಾರಮಿನವನು. "ಮನೇಲಿ ಎಷ್ಟು ಜನ ಇರ್ತೀರಿ ಸಾರ್?"

"ಇಬ್ರೇ," ಎಂದ ಯಜಮಾನ. "ಮಗಳು ಹಾಸ್ಟೆಲಲ್ಲಿದಾಳೆ."

ಆಯಾ ಟೀ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಅಲಾರಮಿನವನು ಲೋಟ ತೆಗೆದುಕೊಳ್ಳುತ್ತ ಅವಳ ಮುಖ ನೋಡಿದ.

"ಇವರು?"

"ಅವಳು ಇರ್ತಾಳೆ ಬಿಡಿ," ಎಂದಳು ಯಜಮಾನಿ. "ನಮ್ಮನೆಯವಳ ಥರ."

ಅವನು ಕೀಪ್ಯಾಡ್ ತೋರಿಸಿದ. ಅಂಕಿಗಳ ಕೆಳಗೆ ಎರಡು ದೊಡ್ಡ ಬಟನ್. ಒಂದರ ಮೇಲೆ ಮನೆಯ ಚಿತ್ರ, ಮನೆಯೊಳಗೆ ಒಂದು ಬೊಂಬೆ. ಇನ್ನೊಂದರ ಮೇಲೂ ಮನೆಯೇ, ಆದರೆ ಬೊಂಬೆ ಹೊರಗೆ ನಿಂತಿದೆ, ಮನೆ ಖಾಲಿ.

"ಇವರು ಒಳಗಿರ್ತಾರೆ ಅಂದ್ರೆ, ನೀವು ಹೊರಗೆ ಹೋಗುವಾಗ ಈ ಬೊಂಬೆ ಒಳಗಿರೋ ಬಟನ್ ಒತ್ತಿ ಅಮ್ಮ. ಬಾಗಿಲು, ಕಿಟಕಿ ಕಾಯುತ್ತೆ. ಒಳಗಿನ ಕಣ್ಣು ಮುಚ್ಚಿರುತ್ತೆ. ಇವರು ಆರಾಮಾಗಿ ಓಡಾಡ್ಕೊಂಡಿರಬಹುದು."

ಯಜಮಾನ ನಕ್ಕ. "ಯಾರೂ ಓಡಾಡಬಾರ್ದು ಅಂತ ತಾನೇ ಇದನ್ನ ಹಾಕಿಸ್ತಿರೋದು? ಕಣ್ಣು ಮುಚ್ಚಿಸೋದಕ್ಕೆ ಕಣ್ಣು ಯಾಕಪ್ಪಾ?"

ಅಲಾರಮಿನವನು ಟೀ ಕುಡಿದ. ಸಂಬಳದವನು, ಅವನಿಗೇನು.

"ನಮ್ಮ ನಾಯಿ?" ಎಂದು ಕೇಳಿದಳು ಯಜಮಾನಿ. ಅವಳ ದನಿಯಲ್ಲಿ ನಿಜವಾದ ಕಳವಳವಿತ್ತು.

"ನಾಯಿಗೇನೂ ತೊಂದರೆ ಇಲ್ಲ ಅಮ್ಮ. ನೆಲದ ಮಟ್ಟದಲ್ಲಿ ಓಡಾಡೋದನ್ನ ಈ ಕಣ್ಣು ಲೆಕ್ಕಕ್ಕೆ ತಗೊಳ್ಳಲ್ಲ. ಎತ್ತರಕ್ಕೆ ಯಾರಾದ್ರೂ ನಿಂತ್ರೆ ಮಾತ್ರ ಕೂಗುತ್ತೆ."

ಹಾಗೆ ಆ ಮನೆಯಲ್ಲಿ ನಾಯಿಗೆ ವ್ಯವಸ್ಥೆಯಾಯಿತು.

ಆಯಾಳ ಕೋಣೆ ಅಡಿಗೆಮನೆಗೆ ಅಂಟಿಕೊಂಡ ಉಗ್ರಾಣ. ಅವಳ ಪಾಯಿಖಾನೆ ಹಿತ್ತಿಲಲ್ಲಿ, ಹಿಂಬಾಗಿಲು ತೆರೆದು ಹೋಗಬೇಕು. ಮನೆಯೊಳಗಿನವು ನಡುಮನೆಯ ಆಚೆ. ಮೊದಲ ದಿನ ಗಂಡ ಹೆಂಡತಿ ಹೊರಟರು. ಕೀಪ್ಯಾಡ್ ಕೀಂ ಕೀಂ ಎಂದಿತು. ಕಾರು ಹೋಯಿತು. ಆಯಾ ಅಡಿಗೆಮನೆಯಲ್ಲಿ ನಿಂತಳು. ಹಿಂಬಾಗಿಲಿಗೆ ಕೈ ಹಾಕಿದರೆ ಕೂಗು. ನಡುಮನೆಗೆ ಕಾಲಿಟ್ಟರೆ ಕೂಗು. ಮಧ್ಯಾಹ್ನ ಕಳೆಯಿತು. ಅವಳು ಕಾಲಿಗೆ ಕಾಲು ಹೆಣೆದು ಕೂತಳು. ನಿಂತಳು. ಸ್ಟೌ ಕಟ್ಟೆಗೆ ಹೊಟ್ಟೆ ಒತ್ತಿಕೊಂಡು ಬಗ್ಗಿದಳು. ಅವರು ಬಂದು ನಂಬರು ಒತ್ತಿದ್ದೇ ತಡ, ಹಿತ್ತಿಲಿಗೆ ಓಡಿದಳು.

ಸಂಜೆ ಕೇಳಿದಳು. ಕೇಳುವುದಕ್ಕೆ ಇಡೀ ಸಂಜೆ ಬೇಕಾಯಿತು.

"ಅಮ್ಮ, ಆ ನಂಬರು ನನಗೂ ಹೇಳಿದ್ರೆ..."

"ಅದೆಲ್ಲ ಆಗಲ್ಲ ಆಯಾ. ಕೋಡ್ ಮನೆಯವರಿಗೆ ಮಾತ್ರ."

"ಆ ಬೊಂಬೆ ಒಳಗಿರೋ ಬಟನ್ ಒತ್ತಿ ಹೋದ್ರೂ ಸಾಕಲ್ವಾ ಅಮ್ಮ?"

"ಅದು ಮನೇಲಿ ಜನ ಇದ್ದಾಗ ಒತ್ತೋದು."

ಯಜಮಾನಿ ಇದನ್ನು ಬೈಗುಳವಾಗಿ ಹೇಳಲಿಲ್ಲ. ಉಪ್ಪು ಎಲ್ಲಿದೆ ಎಂದು ಹೇಳುವ ಹಾಗೆ ಹೇಳಿದಳು. ಆಯಾ ಅವಳ ಮುಖ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ನಮ್ಮನೆಯವಳ ಥರ, ನಮ್ಮನೆಯವಳ ಥರ ಎಂದು ಇಷ್ಟು ವರ್ಷ ಕೇಳಿಸಿಕೊಂಡು ಹಿಗ್ಗಿದ್ದಳಲ್ಲ, ಆ 'ಥರ' ಎನ್ನುವ ಚೋಟುದ್ದದ ಮಾತು ಆವತ್ತು ಮುಖಕ್ಕೆ ಹೊಡೆಯಿತು. ಥರ ಅಂದರೆ ಅಲ್ಲ ಅಂತಲೇ ಅರ್ಥ ತಾನೇ?

"ಅಲ್ಲಾ ಅಮ್ಮ, ಹೊಟ್ಟೆ ಕೆಟ್ರೆ, ಒಂದಕ್ಕೆ ಬಂದ್ರೆ ಏನ್ಮಾಡ್ಲಿ?"

ಯಜಮಾನ ಟಿವಿಯಿಂದ ತಲೆ ತಿರುಗಿಸಿದ. "ನಾಯಿಗಿಲ್ಲದ ಕಷ್ಟ ನಿನಗೇನೇ? ಅದು ಹೆಂಗೆ ಹೋಗುತ್ತೋ ಹಂಗೇ ಹೋಗು."

ತಮಾಷೆ ಎಂದುಕೊಂಡಳು ಆಯಾ. ತಮಾಷೆಯೇ. ಆದರೆ ಕೆಲವರು ತಮಾಷೆಯನ್ನು ಅರ್ಧಕ್ಕೆ ಬಿಡುವುದಿಲ್ಲ. ಅವನು ಎದ್ದು ಕೀಪ್ಯಾಡಿನಲ್ಲಿ ಏನೋ ಒತ್ತಿದ. ಕೂಗಿಲ್ಲದೆ ಪರೀಕ್ಷೆ ಮಾಡುವ ವಿಧಾನವೊಂದಿದೆಯಂತೆ, ಕಣ್ಣಿಗೆ ಬಿದ್ದರೆ ಕೆಂಪು ದೀಪ ಮಿನುಗುತ್ತದೆ ಅಷ್ಟೆ.

"ಎಲ್ಲಿ, ಅಂಬೆಗಾಲಿಟ್ಟು ಬಾ ನೋಡೋಣ. ಪಾಪು ಬಾತ್‌ರೂಮ್‌ವರೆಗೆ."

ಆಯಾ ಯಜಮಾನಿಯನ್ನು ನೋಡಿದಳು. ಯಜಮಾನಿ, "ಹೋಗೇ, ನಿನಗೋಸ್ಕರಾನೇ ಅಲ್ವಾ ಅವರು ಇಷ್ಟೆಲ್ಲ ಯೋಚನೆ ಮಾಡ್ತಿರೋದು," ಎಂದಳು.

ಆಯಾ ಅಡಿಗೆಮನೆಯ ಹೊಸ್ತಿಲಲ್ಲಿ ಮಂಡಿಯೂರಿದಳು. ಅಂಗೈ ನೆಲಕ್ಕೆ ಇಟ್ಟಳು. ಈ ನೆಲದ ಮೇಲೆ ಅವಳು ದಿನವೂ ಹೀಗೇ ಇರುತ್ತಿದ್ದಳು, ಒರೆಸುವಾಗ. ಕೈಯಲ್ಲಿ ಬಟ್ಟೆಯಿದ್ದರೆ ಅದು ಕೆಲಸ. ಬಟ್ಟೆಯಿಲ್ಲದಿದ್ದರೆ ಏನೆಂದು ಅವಳಿಗೆ ಗೊತ್ತಾಗಲಿಲ್ಲ.

"ಬಗ್ಗು. ಇನ್ನೂ ಬಗ್ಗು. ತಲೆ ಎತ್ಬೇಡ. ಹಾಂ, ಹಂಗೆ."

ಅವಳು ಹೋದಳು. ಸೋಫಾ ದಾಟಿದಳು. ಯಜಮಾನನ ಕಾಲು ದಾಟಿದಳು. ಕೆಂಪು ದೀಪ ಮಿನುಗಲಿಲ್ಲ.

"ಹೆಂಗೆ? ನಾನು ಹೇಳಲಿಲ್ವಾ," ಎಂದ ಅವನು. ಯಜಮಾನಿಗೆ ಸ್ವಲ್ಪ ಕಸಿವಿಸಿಯಾಗಿರಬೇಕು. ಒಳಗೆ ಹೋಗಿ ಮಗಳ ಹಳೇ ಮಂಡಿಪಟ್ಟಿ ಹುಡುಕಿ ತಂದಳು, ಚಕ್ರದ ಬೂಟು ಹಾಕಿಕೊಂಡು ಆಡುವಾಗ ಕಟ್ಟುತ್ತಿದ್ದಂಥವು. ಗುಲಾಬಿ ಬಣ್ಣ. "ಇದನ್ನ ಹಾಕ್ಕೋ, ಮಂಡಿ ನೋಯಲ್ಲ. ಆಮೇಲೆ ಪಾಪು ಬಾತ್‌ರೂಮ್ ಫಿನೈಲ್ ಹಾಕಿ ತೊಳೆದುಬಿಡು, ಆಯ್ತಾ?"

ಅವಳಿಗೆ ಒಳ್ಳೆಯದು ಮಾಡಿದ ಹಾಗೆ ಅನಿಸಿರಬೇಕು. ಇಂಥ ಒಳ್ಳೆಯತನಕ್ಕಿಂತ ಎರಡೇಟು ಹೊಡೆಯುವುದು ವಾಸಿ. ಹೊಡೆದರೆ ಅತ್ತಾದರೂ ಹಗುರಾಗಬಹುದು.

ಆಮೇಲೆ ಅದೇ ರೂಢಿಯಾಯಿತು. ಅವರು ಹೊರಟರೆ ಕೀಂ ಕೀಂ. ಮನೆಯಲ್ಲಿ ಯಾರೂ ಇಲ್ಲ ಎಂದು ಕೀಪ್ಯಾಡು ನಂಬಿಕೊಳ್ಳುವುದು. ಆಯಾ ಮಂಡಿಪಟ್ಟಿ ಕಟ್ಟುವುದು. ಮಗುವಿನ ಅಳತೆಯ ಪಟ್ಟಿ, ಅವಳ ಮಂಡಿಗೆ ಸುತ್ತು ಬಾರದು, ದಾರ ಬಿಗಿದು ಕಟ್ಟಿಕೊಂಡಳು. ನಡುಮನೆಗೆ ಇಳಿದರೆ ನಾಯಿ ಬಾಲ ಅಲ್ಲಾಡಿಸಿಕೊಂಡು ಜೊತೆಗೆ ಬರುತ್ತಿತ್ತು. ಅದಕ್ಕೆ ಖುಷಿಯೋ ಖುಷಿ, ತನ್ನ ಎತ್ತರದವರು ಒಬ್ಬರು ಸಿಕ್ಕರಲ್ಲ. ಅವಳ ಕೆನ್ನೆ ನೆಕ್ಕುತ್ತಿತ್ತು. ಎರಡು ಕೈಯೂ ನೆಲದ ಮೇಲೆ, ಒರೆಸಿಕೊಳ್ಳುವ ಹಾಗೂ ಇಲ್ಲ.

ಹೋಗುವುದು ತಪ್ಪಬೇಕಾದರೆ ಕುಡಿಯುವುದು ತಪ್ಪಬೇಕು. ಆಯಾ ನೀರು ಕುಡಿಯುವುದನ್ನು ಕಡಿಮೆ ಮಾಡಿದಳು. ಬಾಯಿ ಒಣಗಿದರೆ ನೀರಿನಲ್ಲಿ ಬೆರಳು ಅದ್ದಿ ತುಟಿಗೆ ಸವರಿಕೊಂಡಳು. ಕೆಲವೇ ವಾರಗಳಲ್ಲಿ ಉರಿ ಶುರುವಾಯಿತು. ಒಂದಕ್ಕೆ ಕೂತರೆ ಕೆಂಡ. ಬಂದದ್ದು ನಾಲ್ಕು ಹನಿ, ಎದ್ದ ಮರುಕ್ಷಣ ಮತ್ತೆ ಹೋಗಬೇಕೆನ್ನಿಸುವುದು. ಯಾರಿಗೆ ಹೇಳುವುದು? ನಾಯಿಗೆ ಹೇಳಿದಳು. ಅದು ಕಿವಿ ನಿಮಿರಿಸಿ ಕೇಳಿತು.

ಅವಳಿಗೊಬ್ಬಳು ತಂಗಿ. ಬಸ್ಸಿನಲ್ಲಿ ಹೋದರೆ ಊರಿನ ಆ ತುದಿ, ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ಕೆಲಸ. ಬಾಯಿ ಜೋರು. ರಜೆಯ ಮಧ್ಯಾಹ್ನ ಫೋನ್ ಮಾಡುತ್ತಿದ್ದಳು. ಅಂಥದೊಂದು ಮಧ್ಯಾಹ್ನ ಮಾಡಿದಳು. ಗಂಡ ಹೆಂಡತಿ ಯಾರದೋ ಮನೆಗೆ ಊಟಕ್ಕೆ ಹೋಗಿದ್ದರು. ಆಯಾ ಉಗ್ರಾಣದಲ್ಲಿ ಚಾಪೆಯ ಮೇಲೆ ಕೂತಿದ್ದಳು.

"ಏನ್ಮಾಡ್ತಿದ್ದೀಯ ಅಕ್ಕ?"

"ಸುಮ್ನೆ ಕೂತಿದ್ದೀನಿ ಕಣೇ."

"ಅವರಿಲ್ವಲ್ಲ, ಬಸ್ ಹತ್ತಿ ಬಾ. ಸಂಜೆವರೆಗೆ ಇದ್ದು ಹೋಗು. ನಿನ್ನ ಮುಖ ನೋಡಿ ಎಷ್ಟು ದಿನ ಆಯ್ತು."

"ಬಾಗಿಲು ತೆಗೆಯೋ ಹಾಗಿಲ್ಲ."

"ಬೀಗ ಹಾಕ್ಕೊಂಡು ಹೋಗಿದಾರಾ?"

"ಬೀಗ ಅಲ್ಲ ಕಣೇ. ನಂಬರು."

ತಂಗಿ ಕೇಳಿದಳು, "ಅಕ್ಕ, ಅವರು ನಿನ್ನ ಬಿಟ್ಟು ಹೋಗಿದಾರಾ, ಇಟ್ಟು ಹೋಗಿದಾರಾ?"

"ಏನೇ ಹಂಗಂದ್ರೆ?"

"ಮನುಷ್ಯರನ್ನ ಬಿಟ್ಟು ಹೋಗ್ತಾರೆ. ಸಾಮಾನು ಇಟ್ಟು ಹೋಗ್ತಾರೆ. ಅದಕ್ಕೆ ಕೇಳ್ದೆ."

ಆಯಾ ನಕ್ಕಳು. ತಂಗಿ ನಗಲಿಲ್ಲ. ಅಂಬೆಗಾಲಿನ ವಿಷಯ ಆಯಾ ಹೇಳಲಿಲ್ಲ. ಒಡಹುಟ್ಟಿದವಳಿಗೂ ಹೇಳಲಾಗದ್ದು ಇರುತ್ತದೆ. ಫೋನಿಟ್ಟ ಮೇಲೆ ಮನೆ ಇನ್ನಷ್ಟು ಸುಮ್ಮನಾಯಿತು. ಬೀದಿಯಲ್ಲಿ ಯಾರೋ ಯಾರನ್ನೋ ಕೂಗಿ ಕರೆದರು. ತನ್ನನ್ನು ಹಾಗೆ ಯಾರಾದರೂ ಕೂಗಿ ಕರೆದು ಎಷ್ಟು ಕಾಲವಾಯಿತೆಂದು ಯೋಚಿಸಿದಳು. ನೆನಪಾಗಲಿಲ್ಲ.

ಉರಿ ಏರಿತು. ಹಲ್ಲು ಕಚ್ಚಿ ತಡೆದಳು. ಇನ್ನು ಆಗದು ಎನ್ನುವಾಗ ಮಂಡಿಪಟ್ಟಿ ಬಿಗಿದು ನಡುಮನೆಗೆ ಇಳಿದಳು. ತಲೆ ಬಗ್ಗಿಸಿ, ಕೈ, ಮಂಡಿ, ಕೈ, ಮಂಡಿ. ಅರ್ಧ ದಾರಿಯಲ್ಲಿ ಬಲಮಂಡಿ ಹಿಡಿದುಕೊಂಡಿತು. ಒಳಗೆ ಯಾರೋ ತಿರುಪು ಹಾಕಿದ ಹಾಗೆ. ಮುಂದಕ್ಕೆ ಹೋಗಲಾಗಲಿಲ್ಲ, ಹಿಂದಕ್ಕೂ ಆಗಲಿಲ್ಲ. ಗೋಡೆಯ ಕಣ್ಣು ಮೇಲಿಂದ ನೋಡುತ್ತಿತ್ತು. ಬಾತ್‌ರೂಮಿನ ಬಾಗಿಲು ಎದುರಿಗೇ ಕಾಣುತ್ತಿತ್ತು.

ಅಲ್ಲೇ ಆಯಿತು. ಬೆಚ್ಚಗೆ ತೊಡೆಗಿಳಿಯಿತು, ಪಟ್ಟಿ ನೆನೆಯಿತು, ಅವಳು ಬೆಳಿಗ್ಗೆ ತಾನೇ ಒರೆಸಿದ ಬಿಳಿ ಕಲ್ಲಿನ ಮೇಲೆ ಹರಡಿತು. ಉರಿಗೆ ಕಣ್ಣಲ್ಲಿ ನೀರು ಬಂತು. ನಾಯಿ ಬಂದು ಮೂಸಿತು. ಮೂಸಿ ದೂರ ಹೋಗಿ ಕೂತಿತು.

ನಾಯಿ ಕೂಡ ಮನೆಯೊಳಗೆ ಮಾಡುತ್ತಿರಲಿಲ್ಲ. ಆಯಾಳೇ ಅದಕ್ಕೆ ಕಲಿಸಿದ್ದಳು.

ಅವಳ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಒರೆಸುವ ಬಟ್ಟೆ ಎಳೆದು, ನಾಲ್ಕು ಕಾಲಿನ ಮೇಲೆ ಇದ್ದ ಹಾಗೆಯೇ ಒರೆಸತೊಡಗಿದಳು. ಅವರು ಬರುವಷ್ಟರಲ್ಲಿ ಒರೆಸಬೇಕು, ಫಿನೈಲ್ ಹಾಕಬೇಕು, ಬಟ್ಟೆ ಬದಲಾಯಿಸಬೇಕು. ಒಂದು ಸಲ ಒರೆಸಿದಳು. ಎರಡನೆಯ ಸಲಕ್ಕೆ ಕೈ ನಿಂತಿತು. ಅವರ ಉಚ್ಚೆ ಒರೆಸಿದ್ದಾಯಿತು, ಅವರ ಮಗುವಿನದು ಒರೆಸಿದ್ದಾಯಿತು, ನಾಯಿ ಮರಿಯಿದ್ದಾಗ ಅದರದ್ದೂ ಒರೆಸಿದ್ದಾಯಿತು. ಇದು ಯಾರದು? ತನ್ನದು. ತನ್ನದಲ್ಲದ ನಡುಮನೆಯಲ್ಲಿ ತನ್ನಿಂದ ಹೀಗೆ ಮಾಡಿಸಿದವರು ಯಾರು? ಹೊಟ್ಟೆಯೊಳಗಿಂದ ಸಿಟ್ಟು ಎದ್ದಿತು. ಅಂಥ ಸಿಟ್ಟು ತನ್ನ ಹೊಟ್ಟೆಯಲ್ಲಿ ಇತ್ತೆಂದು ಅವಳಿಗೇ ಗೊತ್ತಿರಲಿಲ್ಲ.

ಬಟ್ಟೆಯನ್ನು ಅಲ್ಲೇ ಬಿಟ್ಟಳು. ದಾರ ಕಿತ್ತು ಗುಲಾಬಿ ಪಟ್ಟಿಗಳನ್ನು ಬಿಸಾಕಿದಳು. ಸೋಫಾದ ಕೈ ಹಿಡಿದು, ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಊರಿ, ನಡುಮನೆಯ ನಡುವೆ ನೆಟ್ಟಗೆ ಎದ್ದು ನಿಂತಳು.

ಮನೆ ಅರಚಿಕೊಂಡಿತು. ಗೋಡೆ, ಕಿಟಕಿ, ಕಿವಿ ಎಲ್ಲ ನಡುಗಿತು. ನಾಯಿ ಸೋಫಾದ ಅಡಿಗೆ ನುಗ್ಗಿತು. ಆಯಾ ಕಣ್ಣಿನ ಕಡೆ ಮುಖ ಮಾಡಿ ನಿಂತೇ ಇದ್ದಳು. ಕೆಂಪು ದೀಪ ಮಿನುಗಿತು. ತಾನು ಅದರ ಕಣ್ಣಿಗೆ ಬಿದ್ದೆ ಎನ್ನಿಸಿತು ಅವಳಿಗೆ.

ಕೀಪ್ಯಾಡಿನಿಂದ ಒಬ್ಬ ಹೆಂಗಸಿನ ದನಿ ಬಂತು. ಅಲಾರಮಿನ ಆಫೀಸಿನವಳು.

"ಹಲೋ, ಮನೇಲಿ ಯಾರಾದ್ರೂ ಇದ್ದೀರಾ?"

ಆಯಾ ಹತ್ತಿರ ಹೋದಳು. "ಇದ್ದೀನಿ."

"ಪಾಸ್‌ವರ್ಡ್ ಹೇಳಿ."

"ನಂಗೆ ಹೇಳಿಲ್ಲ."

"ನೀವು ಮನೆಯವರಾ?"

"ಥರ," ಎಂದಳು ಆಯಾ.

"ಏನಂದ್ರಿ? ಕೇಳಿಸ್ತಿಲ್ಲ. ನಾವು ಮನೆಯವರಿಗೆ ಫೋನ್ ಮಾಡಿದ್ವಿ. ಮನೇಲಿ ಯಾರೂ ಇಲ್ಲ ಅಂತ ಹೇಳಿದಾರೆ. ನೀವು ಯಾರು?"

"ಯಾರೂ ಇಲ್ಲ ಅಂದ್ರಾ?"

"ಹೌದು. ಅದಕ್ಕೇ ಪೊಲೀಸರಿಗೆ ಹೇಳ್ತಿದ್ದೀವಿ."

"ಹೇಳಿ. ಕಳಿಸಿ," ಎಂದಳು ಆಯಾ.

ಅವಳ ಫೋನು ಹೊಡೆದುಕೊಂಡಿತು. ಯಜಮಾನಿ.

"ಏನಾಯ್ತೇ? ಕಳ್ಳರಾ?"

"ಇಲ್ಲ ಅಮ್ಮ. ನಾನು ಎದ್ದು ನಿಂತೆ."

"ಯಾಕೆ ನಿಂತೆ? ನಿನಗೆಷ್ಟು ಸಲ ಹೇಳಿಲ್ಲ? ಬೀದಿಯವರೆಲ್ಲ ಸೇರ್ತಾರೆ, ಪೊಲೀಸ್ ಬರ್ತಾರೆ. ಬೇಗ ಆ ಪೆಟ್ಟಿಗೆ ಹತ್ರ ಹೋಗು. ನಂಬರ್ ಹೇಳ್ತೀನಿ, ಒತ್ತು." ಯಜಮಾನಿ ನಂಬರು ಹೇಳಿದಳು. ನಾಲ್ಕು ಅಂಕಿ. ಪಾಪು ಹುಟ್ಟಿದ ದಿನ, ತಿಂಗಳು. "ಒತ್ತಿದ್ಯಾ?"

ಆ ದಿನ ಆಯಾಗೂ ಗೊತ್ತಿತ್ತು. ಪ್ರತಿ ವರ್ಷ ಆ ದಿನ ಮಗುವಿನ ತಲೆಗೆ ನೀರು ಹಾಕಿದವಳು ಅವಳೇ.

"ಒತ್ತಲ್ಲ ಅಮ್ಮ."

"ಏನು?"

"ಒತ್ತಲ್ಲ."

"ತಲೆ ಕೆಟ್ಟಿದೆಯೇನೇ ನಿನಗೆ? ಪೊಲೀಸರು ನಿನ್ನನ್ನೇ ಹಿಡ್ಕೊಂಡು ಹೋಗ್ತಾರೆ."

"ಹೋಗ್ಲಿ ಅಮ್ಮ. ಹಿಡ್ಕೊಂಡು ಹೋಗ್ಬೇಕು ಅಂದ್ರೆ ಇಲ್ಲಿ ಒಬ್ಬಳು ಇದ್ಳು ಅಂತ ಬರ್ಕೊಳ್ಳಲೇಬೇಕಲ್ಲ."

ಫೋನು ಕಟ್ ಮಾಡಿದಳು. ಅವಳು ತಾನಾಗಿ ಆ ಫೋನು ಕಟ್ ಮಾಡಿದ್ದು ಅದೇ ಮೊದಲು. ಉಗ್ರಾಣಕ್ಕೆ ಹೋಗಿ ಚೀಲಕ್ಕೆ ಬಟ್ಟೆ ತುಂಬಿದಳು. ತುಂಬಲು ಹೆಚ್ಚೇನೂ ಇರಲಿಲ್ಲ. ಒದ್ದೆ ಬಟ್ಟೆ ಬದಲಿಸಲಿಲ್ಲ. ಎರಡು ಲೋಟ ನೀರು ಕುಡಿದಳು. ಮುಂಬಾಗಿಲು ತೆರೆದು, ಹೊರಗಿನ ಮೆಟ್ಟಿಲ ಮೇಲೆ ಕೂತಳು. ಒಳಗೆ ಸೈರನ್ ಹಾಗೇ ಕೂಗುತ್ತಿತ್ತು.

ಗೇಟಿನಾಚೆ ಜನ ಸೇರಿದ್ದರು. ಕಳ್ಳತನವಾದ ಪಕ್ಕದ ಮನೆಯ ಮುದುಕಿ ಮುಂದೆ ಬಂದು ಕಿವಿ ಮುಚ್ಚಿಕೊಂಡು ಕೇಳಿದಳು, "ನೀನ್ಯಾರಮ್ಮ? ಈ ಮನೇಲಿ ಯಾವಾಗಿಂದ ಇದ್ದೀಯ?"

"ಪಾಪು ಹುಟ್ಟಿದಾಗಿಂದ."

ಮುದುಕಿ ಅವಳನ್ನೇ ನೋಡಿದಳು. ಬಟ್ಟೆಯ ಒದ್ದೆ ನೋಡಿದಳು.

ಪೊಲೀಸರಿಗಿಂತ ಮೊದಲು ಕಾರು ಬಂತು. ಯಜಮಾನ ಇಳಿದವನೇ ಗೇಟಿನ ಹತ್ತಿರ ಜನರಿಗೆ ಕೈ ಮುಗಿದು ನಕ್ಕ. "ಏನಿಲ್ಲ, ಏನಿಲ್ಲ. ನಾಯಿ ಏನೋ ಬೀಳಿಸಿರಬೇಕು. ಮನೇಲಿ ಯಾರೂ ಇರ್ಲಿಲ್ಲ."

ಅದನ್ನು ಅವನು ಆಯಾಳ ಎದುರೇ ಹೇಳಿದ. ಹೇಳಿ ಅವಳ ಪಕ್ಕದಿಂದಲೇ ಮೆಟ್ಟಿಲು ಹತ್ತಿದ. ಕೀಪ್ಯಾಡಿನ ಕಡೆ ಹೊರಟವನ ಹಿಂದೆ ಆಯಾ ಎದ್ದು ನಿಂತಳು. ಸೈರನ್ ಕೂಗುತ್ತಿದ್ದುದರಿಂದ ಗಟ್ಟಿಯಾಗಿ ಹೇಳಬೇಕಾಯಿತು. ಬೀದಿಗೆಲ್ಲ ಕೇಳಿಸಿತು.

"ನಾಯಿ ಅಲ್ಲ ಸಾರ್, ನಾನು. ಒಳಗೆ ನೋಡ್ಕೊಂಡು ಕಾಲಿಡಿ, ಜಾರುತ್ತೆ. ನಾಯಿ ಥರ ಹೋಗು ಅಂದ್ರಲ್ಲ, ಹೋಗೋಕೆ ಆಗ್ಲಿಲ್ಲ. ನಡುಮನೇಲೇ ಉಚ್ಚೆ ಹೊಯ್ಕೊಂಡಿದ್ದೀನಿ."

ಯಜಮಾನಿಯ ಮುಖ ಕೆಂಪಾಯಿತು. ಜನರ ಕಡೆ ನೋಡಿದಳು, ಆಯಾಳ ತೋಳು ಹಿಡಿದಳು. ಹಲ್ಲು ಕಚ್ಚಿಕೊಂಡು ಮೆಲ್ಲಗೆ ಹೇಳಿದಳು. "ಒಳಗೆ ನಡಿ. ಮೊದಲು ಹೋಗಿ ಅದನ್ನ ಒರೆಸು."

ಆಯಾ ತೋಳು ಬಿಡಿಸಿಕೊಂಡಳು.

"ಒರೆಸಲ್ಲ ಅಮ್ಮ," ಎಂದಳು. "ಅದು ಅಲ್ಲೇ ಇರ್ಲಿ."

ಚೀಲ ಹೆಗಲಿಗೆ ಹಾಕಿಕೊಂಡು ಗೇಟು ದಾಟಿದಳು. ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಯಾರೂ ತಡೆಯಲಿಲ್ಲ, ಯಾರೂ ಜೊತೆಗೆ ಬರಲೂ ಇಲ್ಲ. ಬಲಮಂಡಿ ನೋಯುತ್ತಿತ್ತು. ಕುಂಟಿಕೊಂಡೇ ಬಸ್ ಸ್ಟಾಪಿನ ಕಡೆ ನಡೆದಳು.